ಪುಸ್ತಕದೊಳಗಿನ ಮಗು ಯಾರ ಮನೆಯದು?

ಬದಿಯಡ್ಕದ ಓದುಗಿ (ಚರ್ಚೆ ಶುರು ಮಾಡಿದವರು)

ಮಕ್ಕಳ ಪುಸ್ತಕವನ್ನು ಮಕ್ಕಳಿಗಾಗಿ ಬರೆಯುತ್ತಾರೆ, ನಿಜ. ಆದರೆ ಬರೆಯುವವರು, ಅಚ್ಚು ಹಾಕುವವರು, ದುಡ್ಡು ಕೊಟ್ಟು ತರುವವರು ಎಲ್ಲರೂ ದೊಡ್ಡವರೇ. ಹಾಗಾಗಿ ಪ್ರತಿ ಕಾಲದ ಪುಸ್ತಕದೊಳಗೂ ಆ ಕಾಲದ ದೊಡ್ಡವರಿಗೆ ಬೇಕಾದ ಒಂದು ಮಗು ಇರುತ್ತದೆ. ಕೇರಳದಲ್ಲಿ ಜೂನ್ 19ಕ್ಕೆ ನಡೆಯುವ ವಾಚನ ದಿನಕ್ಕೆಂದು ಕಾಸರಗೋಡಿನ ನಮ್ಮೂರ ಗ್ರಂಥಾಲಯದ ಮಕ್ಕಳ ಕಪಾಟು ಜೋಡಿಸುವಾಗ ನನಗೆ ಇದು ಎದ್ದು ಕಂಡಿತು. ಇಲ್ಲಿ ಮೇಷ್ಟ್ರುಗಳು, ಇತಿಹಾಸ ಓದಿದವರು, ಗಡಿಯ ಬೇರೆ ಬೇರೆ ಕಡೆಯವರು ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ನಾನು ಓದಿಕೊಂಡದ್ದನ್ನು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1671-72ರ ಹೊತ್ತಿಗೆ ಜೇಮ್ಸ್ ಜೇನ್‌ವೇ ಎಂಬ ಪಾದ್ರಿ ಮಕ್ಕಳಿಗಾಗಿ ಒಂದು ಪುಸ್ತಕ ಬರೆದ. ಭಕ್ತಿಯಿಂದ ಬದುಕಿ, ಸಣ್ಣ ಪ್ರಾಯದಲ್ಲೇ ನೆಮ್ಮದಿಯಿಂದ ಸತ್ತ ಮಕ್ಕಳ ಕಥೆಗಳು ಅದರ ತುಂಬ ಇವೆ. ಅವನು ಕ್ರೂರಿಯಲ್ಲ. ಮಗು ಹುಟ್ಟುವಾಗಲೇ ಪಾಪ ಹೊತ್ತು ಬರುತ್ತದೆ, ಬೇಗ ತಿದ್ದದಿದ್ದರೆ ಕೈತಪ್ಪಿ ಹೋಗುತ್ತದೆ ಎಂದು ಆ ಕಾಲದ ಅವನಂಥವರು ಮನಸಾರೆ ನಂಬಿದ್ದರು. ಮಕ್ಕಳು ಜಾಸ್ತಿ ಸಾಯುತ್ತಿದ್ದ ಕಾಲ ಅದು.

ಆಮೇಲೆ 1693ರಲ್ಲಿ ತತ್ವಜ್ಞಾನಿ ಜಾನ್ ಲಾಕ್ ಶಿಕ್ಷಣದ ಬಗ್ಗೆ ಬರೆದ. ಮಗುವಿನ ಮನಸ್ಸು ಏನೂ ಬರೆಯದ ಹಾಳೆ, ಓದು ಆಟದ ಹಾಗಿರಲಿ, ಚಿತ್ರವಿರುವ ಈಸೋಪನ ಕಥೆ ಕೊಡಿ ಎಂದ. ಇದನ್ನು ಅಂಗಡಿಗೆ ತಂದವನು ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿ. 1744ರಲ್ಲಿ ಅವನು ಜೇಬಿಗೆ ಹಿಡಿಸುವಂಥ ಒಂದು ಸಣ್ಣ ಪುಸ್ತಕ ತಂದ. ಅದರ ಜೊತೆಗೆ ಗಂಡುಮಕ್ಕಳಿಗೆ ಒಂದು ಚೆಂಡು, ಹೆಣ್ಣುಮಕ್ಕಳಿಗೆ ಗುಂಡುಸೂಜಿ ಚುಚ್ಚಿಡುವ ಒಂದು ಪುಟ್ಟ ದಿಂಬು. ಎರಡಕ್ಕೂ ಒಂದು ಬದಿ ಕೆಂಪು, ಇನ್ನೊಂದು ಬದಿ ಕಪ್ಪು. ಒಳ್ಳೆಯದು ಮಾಡಿದರೆ ಕೆಂಪು ಬದಿಗೆ ಒಂದು ಸೂಜಿ, ತಪ್ಪು ಮಾಡಿದರೆ ಕಪ್ಪು ಬದಿಗೆ ಒಂದು. ಹತ್ತೂ ಸೂಜಿ ಕೆಂಪಿಗೆ ಬಂದರೆ ಒಂದು ಪೆನ್ನಿ ಬಹುಮಾನ. ಹತ್ತೂ ಕಪ್ಪಿಗೆ ಹೋದರೆ ಬೆತ್ತ. ನೋಡಿ, ಮಗುವಿಗೆ ಆಟ ಬೇಕು ಎಂದು ಒಪ್ಪಿಕೊಂಡ ಮೊದಲ ದಿನವೇ ಆಟದ ಸಾಮಾನು ಲೆಕ್ಕದ ಪುಸ್ತಕವೂ ಆಯಿತು.

ನಮ್ಮ ಕಡೆ ಈ ಕಥೆ ಬೇರೆ ದಾರಿಯಲ್ಲಿ ಬಂತು. ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಅವರ ಅಚ್ಚುಕೂಟ ಶುರುವಾಯಿತು. ಕಾಸರಗೋಡು ಆಗ ಕೆನರಾ ಜಿಲ್ಲೆಯ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಮಂಗಳೂರಿನಲ್ಲಿ ಅಚ್ಚಾದ ಶಾಲೆ ಪುಸ್ತಕವೇ ನಮ್ಮ ಜಗಲಿಗೂ ಬರುತ್ತಿತ್ತು. ಆ ಪುಸ್ತಕಗಳ ಮಗು ವಿಧೇಯ, ಚೊಕ್ಕಟ, ಹೊತ್ತಿಗೆ ಸರಿಯಾಗಿ ಎದ್ದು ಕೂರುವ ಮಗು. ನನ್ನ ಲೆಕ್ಕದಲ್ಲಿ ಅದನ್ನು ಮುರಿದವರು ಪಂಜೆ ಮಂಗೇಶರಾಯರು (1874-1937). ಬಂಟ್ವಾಳದವರು, ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದವರು. ಅವರ ನಾಗರಹಾವಿನ ಪದ್ಯ ನೆನಪಿಸಿಕೊಳ್ಳಿ. ಮಗು ಮೊದಲು ಹಾವನ್ನು ‘ಬಾ ಬಾ’ ಎಂದು ಕರೆಯುತ್ತದೆ, ಕೊನೆಗೆ ‘ಪೋ ಪೋ’ ಎಂದು ಅಟ್ಟುತ್ತದೆ. ಹಾವು ಬೇಕು, ಹಾವಿನ ಹೆದರಿಕೆಯೂ ಉಂಟು. ಪಂಜೆಯವರು ಆ ಎರಡನ್ನೂ ಹಾಗೇ ಬಿಟ್ಟರು. ನೀತಿಪಾಠ ಹೇಳಲಿಲ್ಲ.

ನನ್ನ ಪ್ರಶ್ನೆ ಇದು. ಪುಸ್ತಕದ ಮಗು ಮತ್ತು ನಮ್ಮ ಮನೆಯ ಮಗು ಯಾವತ್ತಾದರೂ ಒಂದೇ ಆಗಿತ್ತೇ?

ಹೊಸದುರ್ಗದ ಇತಿಹಾಸ ವಿದ್ಯಾರ್ಥಿ

ಅಕ್ಕಾ, ಒಳ್ಳೆ ವಿಷಯ ಎತ್ತಿದಿರಿ. ಇದರ ಬಗ್ಗೆ ಯಾರೇ ಬರೆದರೂ ಫಿಲಿಪ್ ಆರಿಯೆಸ್ ಹೆಸರು ಬಂದೇ ಬರುತ್ತದೆ. 1960ರ ತನ್ನ ಪುಸ್ತಕದಲ್ಲಿ ಆ ಫ್ರೆಂಚ್ ಇತಿಹಾಸಕಾರ, ಮಧ್ಯಯುಗದ ಯುರೋಪಿನಲ್ಲಿ ಬಾಲ್ಯ ಎಂಬ ಕಲ್ಪನೆಯೇ ಇರಲಿಲ್ಲ ಎಂದ. ಹಳೆಯ ಚಿತ್ರಗಳಲ್ಲಿ ಮಕ್ಕಳು ದೊಡ್ಡವರ ಬಟ್ಟೆ ತೊಟ್ಟ ಕುಳ್ಳ ಮನುಷ್ಯರ ಹಾಗೆ ಕಾಣುತ್ತಾರೆ ಎಂಬುದು ಅವನ ಆಧಾರಗಳಲ್ಲಿ ಒಂದು. ಮಗು ತನ್ನ ಕಾಲ ಮೇಲೆ ನಿಂತ ಕೂಡಲೇ ದೊಡ್ಡವರ ಲೋಕಕ್ಕೆ ಸೇರಿಬಿಡುತ್ತಿತ್ತು, ಶಾಲೆ ಮತ್ತು ಸಣ್ಣ ಸಂಸಾರ ಬಂದ ಮೇಲೆ ಅದನ್ನು ಬೇರೆ ಮಾಡಿದರು ಎಂಬುದು ಅವನ ವಾದ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಲಿಂಡಾ ಪೊಲಾಕ್ ಎಂಬ ಇತಿಹಾಸಕಾರ್ತಿ 1983ರಲ್ಲಿ ಹಳೆಯ ದಿನಚರಿಗಳನ್ನು, ಆತ್ಮಕಥೆಗಳನ್ನು ಓದಿ, ಅಪ್ಪ ಅಮ್ಮಂದಿರು ಆಗಲೂ ಮಕ್ಕಳನ್ನು ಮುದ್ದಿಸುತ್ತಿದ್ದರು, ಕಳೆದುಕೊಂಡಾಗ ಅಳುತ್ತಿದ್ದರು ಎಂದು ತೋರಿಸಿದಳು. ಹಾಗಾಗಿ ಪುಸ್ತಕ ಬಾಲ್ಯವನ್ನು ಹುಟ್ಟಿಸಿತು ಎನ್ನಬಾರದು. ಬಾಲ್ಯ ಹೀಗಿರಬೇಕು ಎಂಬ ನಿಯಮವನ್ನು ಹುಟ್ಟಿಸಿತು ಎನ್ನಬಹುದು.

ಪೆರ್ಲದ ನಿವೃತ್ತ ಮೇಷ್ಟ್ರು

ತಮ್ಮಾ, ಆರಿಯೆಸ್ ನಮ್ಮ ಕಡೆಗೆ ಬಂದಿದ್ದರೆ ಆ ಮಾತು ಹೇಳುತ್ತಿರಲಿಲ್ಲ. ಪುರಂದರದಾಸರ ‘ಗುಮ್ಮನ ಕರೆಯದಿರೆ’ ಹದಿನಾರನೇ ಶತಮಾನದ್ದು. ಅಲ್ಲಿ ಮಾತಾಡುವುದು ಮಗುವೇ. ಗುಮ್ಮನನ್ನು ಕರೆಯಬೇಡ, ನಾನು ಸುಮ್ಮನಿರುತ್ತೇನೆ ಎಂದು ಅಮ್ಮನ ಹತ್ತಿರ ಒಂದೊಂದಾಗಿ ಮಾತು ಕೊಡುತ್ತಾ ಹೋಗುತ್ತದೆ. ಆ ಮಾತುಗಳನ್ನು ಮಗು ಉಳಿಸಿಕೊಳ್ಳುವುದಿಲ್ಲ ಎಂದು ಹಾಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮಗುವಿನ ಮನಸ್ಸು ಹೇಗೆ ಓಡುತ್ತದೆ ಎಂದು ಇಷ್ಟು ಹತ್ತಿರದಿಂದ ನೋಡಿದವರಿಗೆ ಬಾಲ್ಯ ಗೊತ್ತಿರಲಿಲ್ಲ ಎನ್ನಲು ಆಗುತ್ತದೆಯೇ? ಜನಪದ ತ್ರಿಪದಿ ಇನ್ನೂ ಮುಂದೆ ಹೋಗುತ್ತದೆ. ಕೂಸು ಅತ್ತರೆ ಅಳಲಿ, ಮನೆಗೆಲಸ ಕೆಟ್ಟರೆ ಕೆಡಲಿ, ಇಂಥ ಮಕ್ಕಳು ಮನೆ ತುಂಬ ಇರಲಿ ಎಂದು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಹಾಡಿದ್ದಾಳೆ. ಕೆಲಸ ಕೆಟ್ಟರೆ ಬೈಸಿಕೊಳ್ಳುವವಳೂ ಅವಳೇ, ಅದು ನೆನಪಿರಲಿ.

ಆದರೆ ಆರಿಯೆಸ್ ಹೇಳಿದ ಇನ್ನೊಂದು ಮಾತು ನಮ್ಮಲ್ಲಿ ನಿಜ. ಮಕ್ಕಳಿಗೇ ಎಂದು ಬೇರೆ ಕಥೆ ಇರಲಿಲ್ಲ. ಯಕ್ಷಗಾನದ ಕವಿ ಕುಂಬಳೆ ಪಾರ್ತಿಸುಬ್ಬನ ಊರಿನವರು ನಾವು. ರಾತ್ರಿ ಇಡೀ ಯಕ್ಷಗಾನದ ಆಟ. ಗದ್ದೆಯಲ್ಲಿ ಚಾಪೆ ಹಾಸಿ ಅಜ್ಜ, ಅಮ್ಮ, ಕೂಸು ಎಲ್ಲರೂ ಕೂತು ಒಂದೇ ರಾಮಾಯಣ ನೋಡುವುದು. ನಿದ್ದೆ ಬಂದರೆ ಅಲ್ಲೇ ಮಲಗುವುದು, ರಾಕ್ಷಸ ವೇಷ ಬರುವಾಗ ಚೆಂಡೆಯ ಪೆಟ್ಟಿಗೆ ಎಚ್ಚರ. ಮಕ್ಕಳು ನೋಡುವುದು ಮಾತ್ರವಲ್ಲ, ಕುಣಿಯುತ್ತಲೂ ಇದ್ದರು. ಆಟದ ಶುರುವಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳು ಇರುವುದೇ ಕಲಿಯುವ ಹುಡುಗರಿಗೆ. ವೇಷ ಕಟ್ಟುವ ಚೌಕಿಯಲ್ಲಿ ದೊಡ್ಡ ಕಲಾವಿದರ ಪಕ್ಕ ಕೂತು ಬಣ್ಣ ಹಚ್ಚಿಕೊಂಡೇ ಕಲಿಯಬೇಕು. ಅಲ್ಲಿ ಬಾಲ್ಯ ಎಂದರೆ ದೊಡ್ಡವರ ಲೋಕದೊಳಗೇ ಒಂದು ಸಣ್ಣ ಜಾಗ.

ಪಂಚತಂತ್ರವನ್ನು ನಾವು ಮಕ್ಕಳ ಕಪಾಟಿನಲ್ಲಿ ಇಡುತ್ತೇವೆ, ಅಲ್ವಾ? ದುರ್ಗಸಿಂಹ 1031ರ ಸುಮಾರಿಗೆ ಚಾಲುಕ್ಯರ ಕಾಲದಲ್ಲಿ ಅದನ್ನು ಕನ್ನಡಕ್ಕೆ ತಂದದ್ದು ಮಕ್ಕಳಿಗಾಗಿ ಅಲ್ಲ. ಒಳಗಿನ ಕಥೆಯಲ್ಲಿ ಕೇಳುವವರು ರಾಜನ ಮಕ್ಕಳು, ನಿಜ. ಅವರಿಗೆ ಕಲಿಸುವುದು ರಾಜ್ಯ ಆಳುವುದನ್ನು. ಯಾರನ್ನು ನಂಬಬೇಕು, ಸ್ನೇಹಿತರನ್ನು ಹೇಗೆ ಒಡೆಯಬೇಕು ಎಂಬುದೂ ಆ ಪಾಠದಲ್ಲಿ ಉಂಟು. ನಂತರದವರು ಚಿತ್ರ ಹಾಕಿ, ರಾಜಕೀಯ ಕಿತ್ತು, ಕೊನೆಗೆ ಒಂದು ಸಾಲಿನ ನೀತಿ ಅಂಟಿಸಿ ಮಕ್ಕಳ ಪುಸ್ತಕ ಮಾಡಿದರು.

ಅಕ್ಕಲಕೋಟೆಯ ಅಕ್ಕ

ಮೇಷ್ಟ್ರೇ, ಕಿತ್ತು ಹಾಕುವ ಮಾತು ಬಂತಲ್ಲ, ನಮ್ಮ ಮನೆಯ ಕಾಗಿ-ಗುಬ್ಬಿ ಕಥೆಗೂ ಅದೇ ಗತಿ ಆಗಿದೆ. ನಾವು ಮಹಾರಾಷ್ಟ್ರದಲ್ಲಿದ್ದರೂ ಮನೆಮಾತು ಕನ್ನಡ. ಓಣಿಯಲ್ಲಿ ಮರಾಠಿಯವರೂ ಇದೇ ಕಥೆ ಹೇಳುತ್ತಾರೆ. ಕಾಗಿಯದು ಸೆಗಣಿ ಮನೆ, ಗುಬ್ಬಿಯದು ಮೇಣದ ಮನೆ. ಮಳೆ ಬಂದು ಕಾಗಿ ಮನೆ ಕೊಚ್ಚಿ ಹೋಗುತ್ತದೆ. ಕಾಗಿ ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಗುಬ್ಬಿ ಹೇಳುತ್ತದೆ, ತಡೀ, ಕೂಸಿಗೆ ಎಣ್ಣೆ ಹಚ್ಚುತ್ತಿದ್ದೇನೆ. ತಡೀ, ಕೂಸಿಗೆ ನೀರು ಹಾಕುತ್ತಿದ್ದೇನೆ. ತಡೀ, ಅಂಗಿ ತೊಡಿಸುತ್ತಿದ್ದೇನೆ. ನಮ್ಮ ಅಜ್ಜಿ ಇದನ್ನು ಹೇಳುವಾಗ ನಮ್ಮ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಕೊನೆಗೆ ಕಾಗಿ ಒಳಗೆ ಬಂದು ಒಲೆಯ ಹತ್ತಿರ ಕೂತು ಸುಟ್ಟುಕೊಳ್ಳುತ್ತದೆ. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ನನ್ನ ಮೊಮ್ಮಗಳ ಪುಸ್ತಕದಲ್ಲಿ ಗುಬ್ಬಿ ಕೂಡಲೇ ಬಾಗಿಲು ತೆಗೆದು ಕಾಗಿಗೆ ಬಿಸಿ ಹಾಲು ಕೊಡುತ್ತದೆ. ಇಬ್ಬರೂ ಗೆಳತಿಯರಾಗುತ್ತಾರೆ. ಓದಿ ಮುಗಿಸಿದ ಮೇಲೆ ಅವಳು ಇನ್ನೊಂದು ಸಲ ಹೇಳು ಎನ್ನಲಿಲ್ಲ. ನಾವಾದರೆ ಹೇಳಿದ ಕಥೆಯನ್ನೇ ದಿನಾ ಕೇಳುತ್ತಿದ್ದೆವು.

ಬದಿಯಡ್ಕದ ಓದುಗಿ

ಅಕ್ಕಾ, ಇದೇ ಕೆಲಸ ಜರ್ಮನಿಯಲ್ಲೂ ಆಗಿದೆ. ಗ್ರಿಮ್ ಅಣ್ಣತಮ್ಮಂದಿರು 1812ರಲ್ಲಿ ಜನಪದ ಕಥೆಗಳ ಮೊದಲ ಸಂಪುಟ ತಂದದ್ದು ವಿದ್ವಾಂಸರಿಗೆ ಎಂದು. ಅದರಲ್ಲಿ ಹಿಮಬಿಳುಪಿನ ಹುಡುಗಿಯನ್ನು (ಸ್ನೋ ವೈಟ್) ಕೊಲ್ಲಲು ಹೇಳುವವಳು ಅವಳ ಹೆತ್ತ ತಾಯಿ. 1819ರ ಆವೃತ್ತಿ ಬರುವಾಗ ಅವಳು ಮಲತಾಯಿಯಾದಳು. ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ಕಥೆಯಲ್ಲೂ ತಾಯಿ ಮುಂದೆ ಮಲತಾಯಿಯಾದಳು. 1857ರ ಕೊನೆಯ ಆವೃತ್ತಿಯವರೆಗೂ ವಿಲ್ಹೆಲ್ಮ್ ಗ್ರಿಮ್ ತಿದ್ದುತ್ತಲೇ ಇದ್ದ. ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳಿಗೆ ಓದಿ ಹೇಳಲು ಜನ ಕೊಳ್ಳುತ್ತಿದ್ದರಲ್ಲ, ಅಂಥ ಮನೆಯಲ್ಲಿ ಹೆತ್ತವಳು ಕೆಟ್ಟವಳಾಗುವ ಹಾಗಿಲ್ಲ. ಆದರೆ ಕೆಟ್ಟವರಿಗೆ ಕೊಡುವ ಶಿಕ್ಷೆಯನ್ನು ಅವನು ಕಡಿಮೆ ಮಾಡಲಿಲ್ಲ. ಕಾದ ಕಬ್ಬಿಣದ ಚಪ್ಪಲಿ ಹಾಕಿ ಸಾಯುವವರೆಗೂ ಕುಣಿಸುವುದು ಹಾಗೇ ಉಳಿಯಿತು. ಅಂದರೆ ಆ ಕಾಲದವರಿಗೆ ಮಗುವಿನ ಮುಂದೆ ಕ್ರೌರ್ಯ ಇಡಬಹುದು, ತಾಯಿಯ ಬಗ್ಗೆ ಸಂಶಯ ಇಡಬಾರದು. ಈಗಿನವರಿಗೆ ಉಲ್ಟಾ. ಮಲತಾಯಿ ಇರಲಿ, ಒಲೆಯಲ್ಲಿ ಸುಡುವುದು ಬೇಡ.

ನನಗಂತೂ ಅಕ್ಕ ಹೇಳಿದ ಹಳೆಯ ಕಥೆಯೇ ಸರಿ ಅನ್ನಿಸುತ್ತದೆ. ಸುಡುವುದು ಮುಖ್ಯವಲ್ಲ. ಹೊರಗೆ ಮಳೆ, ಒಳಗೆ ಎಣ್ಣೆ ತಿಕ್ಕಿಸಿಕೊಳ್ಳುವ ನಾನು, ಬಾಗಿಲ ಆಚೆ ಒಬ್ಬರು ನೆನೆಯುತ್ತಿದ್ದಾರೆ. ಗುಬ್ಬಿ ಮಾಡಿದ್ದು ಸರಿಯೇ ಎಂದು ಮಗುವೇ ಯೋಚಿಸಬೇಕು. ಬಿಸಿ ಹಾಲು ಕೊಟ್ಟುಬಿಟ್ಟರೆ ಯೋಚಿಸಲು ಏನೂ ಉಳಿಯುವುದಿಲ್ಲ.

ಮಡಕಶಿರಾದಿಂದ

ಅಮ್ಮಾ, ಪಂಜೆಯವರ ಸಿಗಡಿ ಕಥೆ ಬಗ್ಗೆ ಯಾರೂ ಹೇಳಲಿಲ್ಲ. ಸಿಗಡಿ ಯಾಕೆ ಒಣಗಲಿಲ್ಲ ಅನ್ನೋದು. ನಮ್ಮ ಆಂಧ್ರದ ಈ ಮೂಲೆಯಲ್ಲಿ ಇದೇ ಜಾತಿಯ ಕಥೆಯನ್ನು ತೆಲುಗಿನಲ್ಲಿ ಏಳು ಮೀನಿನ ಕಥೆ ಎಂದು ಹೇಳುತ್ತಾರೆ. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಹಾಕುತ್ತಾರೆ. ಒಂದು ಒಣಗುವುದಿಲ್ಲ. ಮೀನೇ, ಯಾಕೆ ಒಣಗಲಿಲ್ಲ? ಹುಲ್ಲುಮೆದೆ ಅಡ್ಡ ಬಂತು. ಮೆದೆಯೇ, ಯಾಕೆ ಅಡ್ಡ ಬಂದೆ? ಹಸು ಮೇಯಲಿಲ್ಲ. ಹಸುವೇ? ದನ ಕಾಯುವ ಹುಡುಗ ಬಿಡಲಿಲ್ಲ. ಹುಡುಗನೇ? ಅಜ್ಜಿ ಅನ್ನ ಹಾಕಲಿಲ್ಲ. ಅಜ್ಜೀ? ಕೂಸು ಅತ್ತಿತು. ಕೂಸೇ? ಇರುವೆ ಕಚ್ಚಿತು. ಇರುವೆ ಹೇಳುತ್ತದೆ, ನನ್ನ ಬಂಗಾರದ ಹುತ್ತದಲ್ಲಿ ಬೆರಳಿಟ್ಟರೆ ಕಚ್ಚದೇ ಇರ್ತೀನಾ?

ಇದರಲ್ಲಿ ನೀತಿ ಎಲ್ಲಿದೆ? ಯಾರ ತಪ್ಪು? ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಕೊನೆಗೆ ಸಿಗುವ ಉತ್ತರ ಯಾರೂ ಅಲ್ಲಗಳೆಯಲಾಗದ್ದು. ಮಕ್ಕಳಿಗೆ ಒಂದಾದ ಮೇಲೊಂದು ಪ್ರಶ್ನೆ ಕೇಳುವುದೇ ಖುಷಿ. ಪ್ರಶ್ನೆ ಕೇಳಿದ್ದಕ್ಕೆ ಬೈಯದ ಕಥೆ ಅದು. ಇಂಥದ್ದನ್ನು ಆರಿಸಿ ಅಚ್ಚಿಗೆ ಕೊಟ್ಟರಲ್ಲ ಪಂಜೆಯವರು, ಅದು ದೊಡ್ಡ ವಿಷಯ. ಆಗಿನ ಶಾಲೆಯಲ್ಲಿ ಮೇಷ್ಟ್ರು ಕೇಳಬೇಕು, ಮಗು ಉತ್ತರ ಹೇಳಬೇಕು.

ಉಪ್ಪಳದವ

ಪಂಜೆ, ಕಾರಂತ ಎಲ್ಲ ದೊಡ್ಡವರು ಕೈಗೆ ಕೊಟ್ಟು ಓದಿಸಿದ್ದು. ನಾವೇ ದುಡ್ಡು ಕೂಡಿಸಿ ತಂದು ಓದಿದ್ದು ಬಾಲಮಂಗಳ. ಅದು ಕೋಟ್ಟಯಂನ ಬಳಗದ್ದು, ಕೇರಳದಲ್ಲಿ ಹುಟ್ಟಿ ಕನ್ನಡಕ್ಕೂ ಬಂದ ಪತ್ರಿಕೆ. ಅದರ ಚಿತ್ರಕಥೆಯ ನಾಯಕ ಇಲಿ, ಮಲಯಾಳದ ಡಿಂಕನ್, ನಮಗೆ ಡಿಂಗ ಆದ. ಪಕ್ಕದ ಮನೆಯ ಹುಡುಗ ಮಲಯಾಳದಲ್ಲಿ ಓದುತ್ತಿದ್ದ, ನಾನು ಕನ್ನಡದಲ್ಲಿ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ನೇತಾಡುತ್ತಿದ್ದವು. ಹಾಗಾಗಿ ಗಡಿಯವರಾದ ನಮಗೆ ಬಾಲ್ಯ ಎರಡು ಲಿಪಿಯಲ್ಲಿ ಒಂದೇ ಆಗಿತ್ತು. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಮಾರಾಯ್ರೆ. ಮಕ್ಕಳು ದೊಡ್ಡವರಿಗೆ ಗೊತ್ತಾಗದ ಹಾಗೆ ಓದಿದ ಪುಸ್ತಕವೂ ಬಾಲ್ಯವನ್ನು ಮಾಡುತ್ತದೆ.

ಮುಳ್ಳೇರಿಯದ ಟೀಚರ್

ನಾನು ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ನ್ಯೂಬೆರಿಯ ಚೆಂಡು ಮತ್ತು ಸೂಜಿ ದಿಂಬಿನ ವಿಷಯವನ್ನು ಯಾರೂ ಮುಂದುವರಿಸದ್ದು ನೋಡಿ ಬರೆಯುತ್ತಿದ್ದೇನೆ. ಹುಡುಗನಿಗೆ ಎಸೆಯುವ ವಸ್ತು, ಹುಡುಗಿಗೆ ಹೊಲಿಗೆಯ ವಸ್ತು. 1744ರಲ್ಲೇ ಅದು ನಿರ್ಧಾರವಾಗಿತ್ತು. ನಾವೆಲ್ಲ ಪುಸ್ತಕದ ಮಗು ಎನ್ನುವಾಗ ಮನಸ್ಸಿಗೆ ಬರುವುದು ಹುಡುಗನೇ. ಹಾವನ್ನು ಕರೆಯುವವನು ಹುಡುಗ, ಕಾಡಿಗೆ ಹೋಗುವವನು ಹುಡುಗ, ಪೂರ್ವರಂಗದಲ್ಲಿ ಬಾಲಗೋಪಾಲನಾಗಿ ಕುಣಿಯುವವನೂ ಹುಡುಗ.

ಪಂಜೆಯವರು ಬಾಲ ಸಾಹಿತ್ಯ ಮಂಡಲ ಕಟ್ಟಿದಾಗ ನಮ್ಮ ಕಡೆ ಮದುವೆಗೆ ಎಲ್ಲರಿಗೂ ಅನ್ವಯಿಸುವ ಕಾನೂನಿನ ಕನಿಷ್ಠ ವಯಸ್ಸು ಇರಲಿಲ್ಲ. ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಅದೂ ಹೆಣ್ಣಿಗೆ 14 ವರ್ಷ. ಹತ್ತು ಹನ್ನೆರಡಕ್ಕೆ ಮದುವೆಯಾಗಿ ಹೋಗುವ ಹುಡುಗಿಗೆ ಬಾಲ ಸಾಹಿತ್ಯ ಓದಲು ಎಷ್ಟು ಸಮಯ ಇತ್ತು? ನನ್ನ ಅಜ್ಜಿಗೆ ಕಥೆಗಳು ಬೇಕಾದಷ್ಟು ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಪುಸ್ತಕಕ್ಕೆ ಕಥೆ ಕೊಟ್ಟವರು ಅವಳಂಥವರು. ಪುಸ್ತಕ ಓದಿದವರು ಅವಳ ಅಣ್ಣತಮ್ಮಂದಿರು. ಇದನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ.

ನನ್ನ ಅಮ್ಮನ ಕಾಲಕ್ಕೆ ಶಾಲೆ ಬಂತು. ಆದರೆ ಶಾಲೆಯಿಂದ ಬಂದ ಮೇಲೆ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕಬೇಕು, ಆಮೇಲೆ ಬೀಡಿ ಕಟ್ಟಬೇಕು. ಅವರ ಪಠ್ಯದ ಹುಡುಗಿ ತೊಟ್ಟಿಲು ತೂಗುತ್ತಿದ್ದಳು, ರಂಗೋಲಿ ಹಾಕುತ್ತಿದ್ದಳು. ಬೀಡಿ ಕಟ್ಟುವ ಹುಡುಗಿ ಯಾವ ಪಾಠದಲ್ಲೂ ಇರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ.

ಹೊಸದುರ್ಗದ ಇತಿಹಾಸ ವಿದ್ಯಾರ್ಥಿ

ಟೀಚರ್ ಹೇಳಿದ್ದು ಬಹಳ ಮುಖ್ಯ. ಇಂಗ್ಲೆಂಡಿನಲ್ಲೂ ಕವಿ ವಿಲಿಯಂ ಬ್ಲೇಕ್ 1789ರಲ್ಲಿ ಮುಗ್ಧತೆಯ ಹಾಡುಗಳನ್ನು ಅಚ್ಚು ಮಾಡಿದಾಗ ಅದರೊಳಗೆ ಹೊಗೆಗೂಡು ಗುಡಿಸುವ ಹುಡುಗ ಇದ್ದ. ಅದೇ ಕಾಲದ ಇತರ ಮಕ್ಕಳ ಪುಸ್ತಕಗಳಲ್ಲಿ ಅಂಥವನು ದಾನ ಪಡೆಯುವವನಾಗಿ ಬರುತ್ತಿದ್ದ. ಕಾರ್ಖಾನೆಯಲ್ಲಿ ಮಕ್ಕಳು ಎಷ್ಟು ಗಂಟೆ ದುಡಿಯಬಹುದು ಎಂದು 1833ರ ಕಾಯ್ದೆ ಮಿತಿ ಹಾಕಿತು. 1870ರ ಕಾಯ್ದೆಯ ನಂತರ ಶಾಲೆ ಎಲ್ಲರ ಹತ್ತಿರಕ್ಕೂ ಬಂತು. ಲೂಯಿಸ್ ಕ್ಯಾರಲ್‌ನ ಕಥೆಯ ಆಲಿಸ್ 1865ರಲ್ಲಿ ಯಾವ ನೀತಿಯೂ ಇಲ್ಲದೆ ಮೊಲದ ಬಿಲದೊಳಗೆ ಇಳಿದಳು, ಅದೂ ಹುಡುಗಿ. ಆದರೆ ಹಾಗೆ ಇಳಿಯಲು ಅವಳಿಗೆ ಬಿಡುವಿತ್ತು, ಮನೆಯಲ್ಲಿ ದಾದಿ ಇದ್ದಳು.

ಪೆರ್ಲದ ನಿವೃತ್ತ ಮೇಷ್ಟ್ರು

ಟೀಚರ್, ನಿಮ್ಮ ಕೋಪ ಸರಿಯಾದದ್ದು. ಆದರೆ ನಮ್ಮ ಜಿಲ್ಲೆಯ ಕೈಗಾರಿಕೆ ಅಡಿಕೆ, ಬೀಡಿ ಮಾತ್ರ ಅಲ್ಲವಲ್ಲ, ಬುಟ್ಟಿ ಹೆಣೆಯುವ ಮಕ್ಕಳೂ ಇದ್ದರು. ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಬುಟ್ಟಿ ಹೆಣೆಯುವ ಕೊರಗ ಸಮುದಾಯದವರ ಬಗ್ಗೆ ಪದ್ಯ ಬರೆದರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದವರು ಅವರು. ಮಕ್ಕಳಿಗೂ ಪದ್ಯ ಬರೆದರು, ವಾಚನಮಾಲೆ ಸಿದ್ಧಪಡಿಸಿದರು. ಮೇಷ್ಟ್ರಾಗಿದ್ದವರು ಮಕ್ಕಳಿಗೆ ಬರೆದಾಗ ಎದುರಿಗೆ ಬೆಂಚಿನಲ್ಲಿ ಕೂತ ಮಗು ಯಾರೆಂದು ಗೊತ್ತಿರುತ್ತದೆ.

ಬದಿಯಡ್ಕದ ಓದುಗಿ

ಮೇಷ್ಟ್ರೇ, ರೈಗಳ ಮೇಲೆ ನನಗೆ ತುಂಬ ಗೌರವ. ನಮ್ಮ ಊರಿನವರೇ. ಆದರೂ ಒಂದು ಮಾತು ಕೇಳಬೇಕು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಶಾಲೆಯ ವೇದಿಕೆ ಮೇಲೆ ಯಾವ ಮಗು ಬಂದು ನಿಂತಿತು? ಕನ್ನಡ ಉಳಿಸುವ ಮಗು. ವಾರ್ಷಿಕೋತ್ಸವಕ್ಕೆ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಎಂದು ನಾವೆಲ್ಲ ಕೈ ಎತ್ತಿ ಹಾಡಿದವರು. ಮೈ ಜುಮ್ಮೆನ್ನುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾಲ್ಕನೇ ಕ್ಲಾಸಿನ ಮಗುವಿಗೆ ಮನೆಗೆ ಬೆಂಕಿ ಬಿದ್ದದ್ದು ಯಾರಿಂದ, ಆರಿಸಬೇಕಾದವರು ಯಾರು ಎಂದು ಹೇಗೆ ಗೊತ್ತಾಗಬೇಕು? ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಕೊಂಕಣಿ. ಅಂಗಡಿಯಲ್ಲಿ ಮಲಯಾಳ. ಶಾಲೆಯಲ್ಲಿ ಕನ್ನಡ. ಆ ಕನ್ನಡವೂ ಆಟ ಆಡುವ ಭಾಷೆಯಾಗುವ ಮೊದಲೇ ಕಾಪಾಡಬೇಕಾದ ಭಾಷೆಯಾಯಿತು.

ಜೇನ್‌ವೇ ಮಗುವಿನ ಕೈಗೆ ಆತ್ಮದ ಉದ್ಧಾರ ಕೊಟ್ಟ. ನಾವು ನಾಡಿನ ಉದ್ಧಾರ ಕೊಟ್ಟೆವು. ಎರಡೂ ದೊಡ್ಡವರ ಕೆಲಸ. ಕುವೆಂಪು ಅವರ ಕಿಂದರಿಜೋಗಿಯಲ್ಲಿ ಮಾತಿಗೆ ತಪ್ಪಿದ್ದು ಊರಿನ ಗೌಡ, ಕಳೆದುಹೋದದ್ದು ಮಕ್ಕಳು. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಪದ್ಯವನ್ನು ಅವರು ತುಂಗೆಯ ದಡಕ್ಕೆ ತಂದರು. ನನಗೆ ಅದು ನಮ್ಮ ಗಡಿಯ ಕಥೆಯಾಗಿಯೇ ಕೇಳಿಸುತ್ತದೆ.

ಪೆರ್ಲದ ನಿವೃತ್ತ ಮೇಷ್ಟ್ರು

ಇದನ್ನು ನಾನು ಒಪ್ಪುವುದಿಲ್ಲ, ತಂಗೀ. ನಮ್ಮ ಮಕ್ಕಳಿಗೆ ಆ ಭಾರ ಕೊಟ್ಟದ್ದು ಕವಿಗಳಲ್ಲ, ಪರಿಸ್ಥಿತಿ. ಕ್ಲಾಸಿನಲ್ಲಿ ಕನ್ನಡ ಬಲ್ಲ ಮೇಷ್ಟ್ರಿಲ್ಲದೆ ಮಗು ತಿಂಗಳುಗಟ್ಟಲೆ ಕೂತದ್ದನ್ನು ನಾನು ನೋಡಿದ್ದೇನೆ. ಪಾಠ ಅರ್ಥವಾಗದೆ ಕಿಟಕಿ ನೋಡುತ್ತಾ ಕೂತ ಮಗುವಿಗೆ ಇದು ನಿನ್ನ ಭಾಷೆ, ನೀನು ಕೇಳಬಹುದು ಎಂದು ಯಾರಾದರೂ ಹೇಳಲೇಬೇಕಿತ್ತು. ಹಾಡು ಅದನ್ನು ಹೇಳಿತು. ಮಗುವನ್ನು ದೊಡ್ಡವರ ಜಗಳದಿಂದ ದೂರ ಇಡಬೇಕು ಎನ್ನುವುದೂ ಪುಸ್ತಕದಿಂದ ಬಂದ ಕಲ್ಪನೆಯೇ. ಸುಖವಾಗಿರುವವರ ಮಕ್ಕಳಿಗೆ ಅದು ಸಾಧ್ಯ.

ಉಪ್ಪಳದವ

ಮೇಷ್ಟ್ರು ಹೇಳಿದ್ದು ನನ್ನ ಅನುಭವಕ್ಕೂ ಬಂದಿದೆ. ಆದರೆ ನನಗೆ ಕನ್ನಡ ಹತ್ತಿದ್ದು ಹಾಡಿನಿಂದ ಅಲ್ಲ, ಡಿಂಗನಿಂದ. ಎರಡೂ ಬೇಕಿತ್ತೋ ಏನೋ.

ಎಣ್ಮಕಜೆಯಿಂದ

ನಾನು ಜಾಸ್ತಿ ಬರೆಯುವವನಲ್ಲ. ನಮ್ಮ ಪಂಚಾಯತಿನಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳು ನಿಮಗೆಲ್ಲ ಗೊತ್ತು. 2000ದವರೆಗೂ ಸುರಿದರು. ಆ ಮನೆಗಳಲ್ಲಿ ಮೂವತ್ತು ವರ್ಷ ದಾಟಿದರೂ ತಾಯಿಯ ಕೈಯಿಂದಲೇ ಉಣ್ಣುವವರು ಇದ್ದಾರೆ. ಮಕ್ಕಳ ಪುಸ್ತಕ ಅಂದರೆ ಮಗು ಕಲಿಯುತ್ತದೆ, ಬೆಳೆಯುತ್ತದೆ, ಕೊನೆಗೆ ದೊಡ್ಡದಾಗುತ್ತದೆ ಎಂದೇ ಲೆಕ್ಕ. ನಮ್ಮ ಪಕ್ಕದ ಮನೆಯವರಿಗೆ ಓದಿ ಹೇಳುವಾಗ ನಾನು ಆ ಲೆಕ್ಕದ ಪುಸ್ತಕಗಳನ್ನು ಬಿಟ್ಟು ಶಬ್ದ ಚೆನ್ನಾಗಿರುವ ಪದ್ಯ ಆರಿಸುತ್ತೇನೆ. ರಾಜರತ್ನಂ ಅವರ ತುತ್ತೂರಿ ಪದ್ಯಕ್ಕೆ ಅವನು ನಗುತ್ತಾನೆ. ಅವನಿಗೂ ಬಾಲ್ಯ ಉಂಟು, ಅದು ಮುಗಿದಿಲ್ಲ. ಇದನ್ನು ನಿಮ್ಮ ಚರ್ಚೆಯಲ್ಲಿ ಎಲ್ಲಿ ಸೇರಿಸುತ್ತೀರೋ ಸೇರಿಸಿ.

ಮುಳ್ಳೇರಿಯದ ಟೀಚರ್

ಎಣ್ಮಕಜೆಯ ಅಣ್ಣಾ, ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಶಬ್ದ ಚೆನ್ನಾಗಿರುವ ಇನ್ನಷ್ಟು ಪದ್ಯಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಅವರಿಗೆ ಕೇಳಿಸಿ.

ಇನ್ನೊಂದು ವಿಷಯ. ಅಕ್ಕಲಕೋಟೆಯ ಅಕ್ಕ ಬರೆದ ಮೇಲೆ ನಾನು ಮೂರನೇ ಕ್ಲಾಸಿನಲ್ಲಿ ಕಾಗೆ-ಗುಬ್ಬಿ ಕಥೆಯ ಎರಡೂ ಪಾಠ ಹೇಳಿದೆ. ಬಿಸಿ ಹಾಲಿನದ್ದು ಮೊದಲು. ಕಥೆ ಇಷ್ಟೇನಾ ಟೀಚರ್ ಎಂದು ಕೇಳಿದರು. ಆಮೇಲೆ ಹಳೆಯದ್ದು ಹೇಳಿದೆ. ‘ತಡೀ, ಕೂಸಿಗೆ ಎಣ್ಣೆ ಹಚ್ಚುತ್ತಿದ್ದೇನೆ’ ಎನ್ನುವಲ್ಲಿ ಇಡೀ ಕ್ಲಾಸು ದನಿ ಸೇರಿಸಿತು. ಮುಗಿದ ಮೇಲೆ ಜಗಳ ಶುರುವಾಯಿತು. ಗುಬ್ಬಿ ಕೂಸನ್ನು ನೋಡಿಕೊಳ್ಳಬೇಕಲ್ಲ ಎಂದು ಕೆಲವರು. ಎಣ್ಣೆ ಹಚ್ಚುತ್ತಲೇ ಬಾಗಿಲು ತೆಗೆಯಬಹುದಿತ್ತು ಎಂದು ಕೆಲವರು. ಮನೆಯಲ್ಲಿ ತಮ್ಮನನ್ನು ಎತ್ತಿಕೊಳ್ಳುವ ಒಬ್ಬ ಹುಡುಗಿ ಎದ್ದು ನಿಂತು, ಗುಬ್ಬಿಗೆ ಸಹಾಯಕ್ಕೆ ಯಾರೂ ಇಲ್ಲ, ಕಾಗೆ ಒಳಗೆ ಬಂದು ಕೂಸಿಗೆ ಅಂಗಿ ತೊಡಿಸಲಿ ಎಂದಳು.

ಅಕ್ಕಲಕೋಟೆಯ ಅಕ್ಕ

ಆ ಹುಡುಗಿಯ ಕೊನೆಯನ್ನು ಬರೆಸಿ ಇಡಿ ಟೀಚರ್. ನಮ್ಮ ಮೊಮ್ಮಗಳಿಗೆ ಓದಬೇಕು.

ಮುಳ್ಳೇರಿಯದ ಟೀಚರ್

ಬರೆಸಿದ್ದೇನೆ ಅಕ್ಕಾ. ಮೊದಲ ಅರ್ಧ ಕನ್ನಡದಲ್ಲಿ ಉಂಟು, ಕಾಗೆ ಮಾತಾಡುವಲ್ಲೆಲ್ಲ ತುಳು ಬರೆದಿದ್ದಾಳೆ. ತಿದ್ದದೆ ಹಾಗೇ ಕಳಿಸುತ್ತೇನೆ.